ಗಾಬರಿಯಕ್ಕ ಕಂಡ ಸೂಜಿ

ಇಂಜೆಕ್ಷನ್ ಬಾಟಲಿಗಳನ್ನು ಮಾಡುವ ಆ ಗಾಜಿನ ಕಾರ್ಖಾನೆಯಲ್ಲಿ ಅವಳ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಎಲ್ಲರಿಗೂ ಅವಳು ಗಾಬರಿಯಕ್ಕ. ಮನೆಗೆ ಬೀಗ ಹಾಕಿ, ಜಗ್ಗಿ ನೋಡಿ, ಬೀದಿಯ ತಿರುವಿನವರೆಗೆ ಬಂದು, ಮತ್ತೆ ವಾಪಸು ಹೋಗಿ ಜಗ್ಗುವ ಪೈಕಿ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಲ್ಲಿ ಬಸ್ಸಿಳಿದವಳು. ಗಂಡ ಬರುವುದು ಸ್ವಲ್ಪ ತಡವಾದರೆ ಸಾಕು, ಇವಳ ಮನಸ್ಸು ಆಗಲೇ ಇದ್ದಬದ್ದ ಆಸ್ಪತ್ರೆಗಳನ್ನೆಲ್ಲ ಸುತ್ತಿ ಬಂದಿರುತ್ತಿತ್ತು. ಜನ ನಗುತ್ತಿದ್ದರು, ನಗಲಿ ಬಿಡಿ. ಗಾಜನ್ನು ಪರೀಕ್ಷೆ ಮಾಡುವ ಕೋಣೆಗೆ ಇಂಥವಳೇ ಸರಿ ಎಂದು ಮ್ಯಾನೇಜರು ಅವಳನ್ನು ಅಲ್ಲಿ ಕೂರಿಸಿದ್ದರು.

ಆ ಕೋಣೆಯಲ್ಲಿದ್ದದ್ದು ಒಂದು ಹಳೇ ಸ್ಪೆಕ್ಟ್ರೋಮೀಟರು. ಗಾಜಿನ ಚೂರಿನ ಮೇಲೆ ಲೇಸರಿನ ಹಸಿರು ಬೆಳಕು ಬಿಟ್ಟರೆ, ಒಳಗಿನ ಪರಮಾಣುಗಳು ಅದರಲ್ಲಿ ಒಂದಿಷ್ಟನ್ನು ಬಣ್ಣ ಬದಲಿಸಿ ಚೆಲ್ಲುತ್ತವೆ. ಚೆಲ್ಲಿದ ಬೆಳಕನ್ನು ಯಂತ್ರ ಹಿಡಿದು ಪರದೆಯ ಮೇಲೆ ಒಂದು ಗೆರೆ ಎಳೆಯುತ್ತದೆ. ಪರಮಾಣುಗಳು ಒಂದಕ್ಕೊಂದು ಹೇಗೆ ಕೈಹಿಡಿದು ನಿಂತಿವೆ ಎನ್ನುವುದು ಆ ಗೆರೆಯಿಂದ ಗೊತ್ತಾಗಬೇಕು. ಒಳ್ಳೆಯ ಗಾಜಿನಲ್ಲಿ ಅವು ತುಂಬಿದ ಬಸ್ಸಿನ ಜನರ ಹಾಗೆ; ಪಕ್ಕದವರನ್ನು ಹಿಡಿದುಕೊಂಡಿರುತ್ತವೆ, ಆದರೆ ಸಾಲಿಲ್ಲ, ಶಿಸ್ತಿಲ್ಲ. ಆಗ ಗೆರೆ ದುಂಡನೆಯ ದಿಬ್ಬದಂತೆ ಏಳುತ್ತದೆ. ಕುಲುಮೆಯ ಬಿಸಿ ತಗ್ಗಿ, ಗಾಜು ಆ ತಗ್ಗಿದ ಬಿಸಿಯಲ್ಲೇ ಬಹಳ ಹೊತ್ತು ನಿಂತುಬಿಟ್ಟರೆ ಅಲ್ಲಲ್ಲಿ ಪರಮಾಣುಗಳು ಸಾಲುಗಟ್ಟಿ ಹರಳಾಗುತ್ತವೆ. ಆಗ ದಿಬ್ಬದ ಮೇಲೆ ಸೂಜಿ ನೆಟ್ಟ ಹಾಗೆ ಒಂದು ಚೂಪು ಗೆರೆ ನಿಲ್ಲುತ್ತದೆ. ಹರಳಿರುವ ಬಾಟಲಿ ಬಿರುಕು ಬಿಡಬಹುದು, ಗಾಜಿನ ಚಕ್ಕೆ ಔಷಧದೊಳಗೆ ಬೀಳಬಹುದು. ಯಾರದೋ ನರದೊಳಗೆ ಹೋಗುವ ಔಷಧ, ಆಟದ ಮಾತಲ್ಲ.

ಆವತ್ತು ಬೆಳಿಗ್ಗೆ ಸೂಜಿ ಕಂಡಿತು.

ಗಾಬರಿಯಕ್ಕ ಚೂರನ್ನು ತೆಗೆದು ಒರೆಸಿ ಮತ್ತೆ ಇಟ್ಟಳು. ಸೂಜಿ. ಅದೇ ಸಲ ಕಾಯಿಸಿದ ಗಾಜಿನ ಇನ್ನೊಂದು ಬಾಟಲಿಯ ಚೂರು ಇಟ್ಟಳು. ಸೂಜಿ ಅಲ್ಲೇ, ಅಷ್ಟೇ ಎತ್ತರಕ್ಕೆ ನಿಂತು ಅವಳನ್ನೇ ನೋಡುತ್ತಿತ್ತು. ಬೇರೆ ಯಾರ ಗಾಜಾದರೂ ಆಗಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲವೇನೋ. ಆ ಗಾಜು ಕಾಯಿಸಿದ್ದು ಅವಳ ಒಡಹುಟ್ಟಿದ ಅಣ್ಣ, ಕುಲುಮೆಯ ಮೇಸ್ತ್ರಿ. ಹಿಂದೊಮ್ಮೆ ಒಂದು ಸಲದ ಗಾಜು ಕೆಟ್ಟಾಗ ಮ್ಯಾನೇಜರು ಎಲ್ಲರೆದುರೇ ಹೇಳಿದ್ದರು, ಇನ್ನೊಮ್ಮೆ ಹೀಗಾದರೆ ಮನೆಗೆ ನಡೀರಿ ಎಂದು. ಈ ವಯಸ್ಸಿನಲ್ಲಿ ಕುಲುಮೆ ಬಿಟ್ಟರೆ ಅಣ್ಣನಿಗೆ ಬೇರೆ ಏನು ಗೊತ್ತು? ಬೆಂಕಿಯ ಬಣ್ಣ ನೋಡಿ ಬಿಸಿ ಹೇಳುವುದೊಂದು ಗೊತ್ತು.

ಮುಚ್ಚಿಡುವ ಯೋಚನೆ ಬರಲಿಲ್ಲವೇ? ಬಂತು. ಮನುಷ್ಯರಿಗೆ ಬರುವುದೇ. ಆದರೆ ಅವಳ ಮಗಳು ಅದೇ ಹೊತ್ತಿನಲ್ಲಿ ಹೆರಿಗೆಗೆಂದು ಆಸ್ಪತ್ರೆಯಲ್ಲಿ ಮಲಗಿದ್ದಳು. ಅಲ್ಲಿ ಅವಳಿಗೆ ಚುಚ್ಚುವ ಇಂಜೆಕ್ಷನ್ನೂ ಇಂಥದೇ ಬಾಟಲಿಯಿಂದ ಬರುವುದಲ್ಲವೇ ಎಂದು ನೆನೆದದ್ದೇ ತಡ, ಎದ್ದು ಸೀದಾ ಮ್ಯಾನೇಜರ ಕೋಣೆಗೆ ಹೋದಳು.

ಅಣ್ಣನನ್ನು ಕರೆಸಿದರು. ಬೆವರು ಒರೆಸಿಕೊಳ್ಳುತ್ತಾ ಬಂದು ನಿಂತ.

"ಏನ್ರೀ ಮೇಸ್ತ್ರಿ, ರಾತ್ರಿ ಪಾಳಿಯಲ್ಲಿ ತೂಕಡಿಸಿದ್ರಾ?" ಮ್ಯಾನೇಜರು ಕೇಳಿದರು. ಕುಲುಮೆಯ ಬಿಸಿ ತೋರಿಸುವ ಮೀಟರು ಕೆಟ್ಟು ಕೂತಿತ್ತು. ಆ ರಾತ್ರಿ ಬಿಸಿ ತಗ್ಗಿತ್ತೋ ಇಲ್ಲವೋ ಹೇಳುವುದಕ್ಕೆ ಅಣ್ಣನ ಕಣ್ಣು ಬಿಟ್ಟರೆ ಬೇರೆ ಸಾಕ್ಷಿ ಇರಲಿಲ್ಲ.

"ಇಲ್ಲ ಸಾರ್. ರೆಪ್ಪೆ ಮುಚ್ಚಿಲ್ಲ."

"ಮತ್ತೆ ನಿಮ್ಮ ತಂಗಿ ಹರಳು ಬಂದಿದೆ ಅಂತಿದ್ದಾರೆ?"

ಅಣ್ಣ ತಿರುಗಿ ನೋಡಿದ. "ನೀನೇ ನೋಡಿದ್ಯಾ?"

"ನೋಡ್ದೆ ಅಣ್ಣ. ಮತ್ತೆ ಮತ್ತೆ ನೋಡ್ದೆ."

ಅವನು ತನ್ನ ಅಂಗೈಗಳನ್ನೇ ನೋಡುತ್ತ ನಿಂತ. ಅವಳು ನೆಲ ನೋಡಿದಳು.

"ಹಾಗಾದ್ರೆ ತೂಕಡಿಸಿರ್ಬೇಕು ಸಾರ್," ಎಂದ ಕೊನೆಗೆ. "ವಯಸ್ಸಾಯ್ತು ನೋಡಿ, ನಮಗೇ ಗೊತ್ತಾಗಲ್ಲ. ಅವಳು ಇಲ್ಲದ್ದನ್ನ ಹೇಳೋಳಲ್ಲ."

ಸಂಜೆಯೊಳಗೆ ಪೂರ್ತಿ ವರದಿ ಕೊಡಿ ಎಂದು ಅವಳಿಗೆ ಹೇಳಿದರು. ನಿಮ್ಮ ಸಾಮಾನು ತೆಗೆದುಕೊಳ್ಳಿ ಎಂದು ಅವನಿಗೆ ಹೇಳಿದರು. ಅಷ್ಟೇ, ಒಂದು ಜೀವಮಾನದ ಕೆಲಸ ಒಂದು ಮಾತಿನಲ್ಲಿ ಮುಗಿಯಿತು.

ವರದಿಗಾಗಿ ಉಳಿದ ಚೂರುಗಳನ್ನೂ ನೋಡಬೇಕಿತ್ತು. ಕೂತಳು, ಆದರೆ ಕೈ ಕೆಲಸದಲ್ಲಿ, ಕಿವಿ ವರಾಂಡದಲ್ಲಿ. ದಪ್ಪ ಗೋಡೆಯ ಆ ಕೋಣೆಗೆ ಮೊಬೈಲ್ ಸಿಗ್ನಲ್ ಬರುತ್ತಿರಲಿಲ್ಲ. ಹೆರಿಗೆಯಾದ ಕೂಡಲೇ ವರಾಂಡದ ಫೋನಿಗೆ ಮಾಡಿ ಎಂದು ಅಳಿಯನಿಗೆ ಹೇಳಿಟ್ಟಿದ್ದಳು. ಅದಕ್ಕೇ ಎರಡು ದಿನದಿಂದ ಬಾಗಿಲು ತುಸು ತೆರೆದೇ ಇಟ್ಟಿದ್ದಳು. ಯಂತ್ರ ಓಡುವಾಗ ಕೋಣೆ ಪೂರ್ತಿ ಕತ್ತಲಾಗಿರಬೇಕು ಎನ್ನುವುದು ನಿಯಮ. ನಿಜ ಹೇಳಬೇಕೆಂದರೆ ಅದನ್ನು ಅವಳು ಯಾವತ್ತೂ ಪೂರ್ತಿ ಪಾಲಿಸಿದವಳಲ್ಲ. ಕತ್ತಲೆಂದರೆ ಚಿಕ್ಕಂದಿನಿಂದ ಆಗದು, ಒಂದು ಸಂದಿ ಇದ್ದೇ ಇರುತ್ತಿತ್ತು. ಅದರಿಂದ ಎಂದೂ ಏನೂ ಆಗಿರಲಿಲ್ಲ.

ಒಂದು ಚೂರು ತೆಗೆದು ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಬಿದ್ದಂಬೀಳ ಓಡಿದಳು. ಯಾರೋ ಲಾರಿಯವನು, ಲೋಡು ಯಾವಾಗ ಅಂತ ಕೇಳಿದ. "ಅಯ್ಯೋ, ಇಡಪ್ಪಾ ಫೋನು!" ಎಂದು ಗದರಿಸಿ ವಾಪಸು ಬಂದಳು. ಗಡಿಬಿಡಿಯಲ್ಲಿ ಯಂತ್ರದ ಗುಂಡಿ ಒತ್ತಿಯೇ ಓಡಿದ್ದಳು, ಅದು ತನ್ನ ಪಾಡಿಗೆ ಗೆರೆ ಎಳೆದು ಮುಗಿಸಿತ್ತು. ಚೂರು ಮಾತ್ರ ಅವಳ ಕೈಯಲ್ಲೇ ಇತ್ತು.

ಯಂತ್ರದೊಳಗೆ ಗಾಜೇ ಇರಲಿಲ್ಲ. ಪರದೆಯ ಮೇಲೆ ದಿಬ್ಬವೂ ಇರಲಿಲ್ಲ. ಸೂಜಿ ಮಾತ್ರ ಇತ್ತು.

ಅವಳು ಪರದೆ ನೋಡಿದಳು, ಕೈಯಲ್ಲಿದ್ದ ಚೂರು ನೋಡಿದಳು, ಆಮೇಲೆ ನಿಧಾನವಾಗಿ ಬಾಗಿಲಿನತ್ತ ತಿರುಗಿದಳು. ಸಂದಿಯಿಂದ ಬಿಳಿ ಬೆಳಕಿನ ಒಂದು ಪಟ್ಟಿ ನೆಲದ ಮೇಲೆ ಹರಿದು, ಸರಿಯಾಗಿ ಕೂರದ ಯಂತ್ರದ ಮುಚ್ಚಳದ ಮೇಲೆ ಬಿದ್ದಿತ್ತು. ಹಿಂದಿನ ಸಂಜೆಯಷ್ಟೇ ವರಾಂಡದ ಹಳೇ ಬಲ್ಬು ತೆಗೆದು ಟ್ಯೂಬ್‌ಲೈಟ್ ಹಾಕಿದ್ದರು. ಬಲ್ಬಿನ ಬೆಳಕು ಎಲ್ಲ ಬಣ್ಣವನ್ನೂ ಸಮನಾಗಿ ಹರಡುತ್ತದೆ, ಗೆರೆಯಲ್ಲಿ ಗೊತ್ತೇ ಆಗುವುದಿಲ್ಲ. ಟ್ಯೂಬ್‌ಲೈಟಿನೊಳಗಿನ ಪಾದರಸ ಹಾಗಲ್ಲ, ಕೆಲವೇ ಬಣ್ಣಗಳನ್ನು ಚೂಪಾಗಿ ಉಗುಳುತ್ತದೆ. ಇದನ್ನು ಅವಳು ಓದಿದ್ದಳು. ಓದಿ ಏನು ಬಂತು!

"ಅಯ್ಯೋ ದೇವರೇ, ಏನು ಮಾಡ್ಬಿಟ್ಟೆ ನಾನು," ಎಂದು ಅಲ್ಲಿಂದ ಓಟ ಕಿತ್ತಳು.

ಅಣ್ಣ ತನ್ನ ಕಪಾಟು ಖಾಲಿ ಮಾಡುತ್ತಿದ್ದ. ಕಪ್ಪು ಕನ್ನಡಕ, ಸುಟ್ಟು ತೂತಾದ ಕೈಗವಸು, ಊಟದ ಡಬ್ಬಿ. ಅವಳು ಏದುಸಿರಿನಲ್ಲೇ ಎಲ್ಲ ಒದರಿದಳು. "ಸೂಜಿ ಟ್ಯೂಬ್‌ಲೈಟಿಂದು ಅಣ್ಣ. ಬಾಗಿಲು ನಾನು ಹಾಕಿರ್ಲಿಲ್ಲ. ತಪ್ಪು ನಂದು."

ಅವನ ಮುಖ ಅರಳಲಿಲ್ಲ. "ಗಾಜಲ್ಲೂ ಇರ್ಬಹುದಲ್ವಾ, ಅದರ ಜೊತೆಗೆ?"

ಇರಬಹುದಿತ್ತು. ಒಂದು ಸೂಜಿಯ ಮರೆಯಲ್ಲಿ ಇನ್ನೊಂದು.

"ಬಾಗಿಲು ಹಾಕ್ಕೊಂಡು ನೋಡು," ಎಂದ ಅಣ್ಣ.

"ಪೂರ್ತಿ ಕತ್ತಲು ಅಣ್ಣ ಅಲ್ಲಿ."

"ಗೊತ್ತು. ನಾನು ಹೊರಗೆ ಕೂತಿರ್ತೀನಿ. ಫೋನ್ ಬಂದ್ರೆ ನಾನೇ ತಗೋತೀನಿ, ನಡಿ."

ಚಿಕ್ಕವಳಿದ್ದಾಗ ಅವಳು ಕತ್ತಲ ಕೋಣೆಯಲ್ಲಿ ಮಲಗಲು ಹೆದರಿದರೆ ಅಣ್ಣ ಹೊಸ್ತಿಲಾಚೆ ಕೂತು ಆಗಾಗ ಕೆಮ್ಮುತ್ತಿದ್ದ, ನಾನಿದ್ದೇನೆ ಎನ್ನುವುದಕ್ಕೆ. ಈಗ ಬಾಗಿಲು ಮುಚ್ಚಿ, ಅಡಿಯ ಸಂದಿಗೂ ಬಟ್ಟೆ ತುರುಕಿ, ಕುರ್ಚಿ ತಡಕಾಡಿ ಕೂತಳು. ಕಣ್ಣು ತೆರೆದರೂ ಒಂದೇ, ಮುಚ್ಚಿದರೂ ಒಂದೇ. ಪರದೆಯನ್ನೂ ಬಟ್ಟೆಯಿಂದ ಮುಚ್ಚಿದ್ದಳು. ಯಂತ್ರ ಗೊರಗೊರ ಎನ್ನುತ್ತಿತ್ತು. ಸೂಜಿ ಇದ್ದರೆ ಅಣ್ಣನಿಗೆ ಎರಡನೇ ಸಲ ಹೇಳಬೇಕು, ಅದನ್ನು ಯಾವ ಬಾಯಲ್ಲಿ ಹೇಳುವುದು?

ಹೊರಗೆ ಅಣ್ಣ ಕೆಮ್ಮಿದ.

ಅವಳಿಗೆ ಅಳು ಬಂತು. ಅಳುತ್ತಲೇ ಒಂದೊಂದೇ ಚೂರು ಬದಲಿಸಿದಳು. ಎಲ್ಲ ಮುಗಿದ ಮೇಲೆ ಬಟ್ಟೆ ಸರಿಸಿದಳು. ದಿಬ್ಬ. ದುಂಡನೆಯ, ನುಣ್ಣನೆಯ ದಿಬ್ಬ, ಪ್ರತಿ ಚೂರಿನಲ್ಲೂ. ಸೂಜಿಯ ಸುಳಿವಿಲ್ಲ. ಕಣ್ಣೊರೆಸಿಕೊಂಡು ಮತ್ತೊಮ್ಮೆ ಮೊದಲಿನಿಂದ ನೋಡಿದಳು. ಗಾಬರಿಯಕ್ಕ ಅಲ್ಲವೇ.

ಬಾಗಿಲು ತೆರೆದಾಗ ಅಣ್ಣ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಫೋನಿನ ಪಕ್ಕದ ಸ್ಟೂಲಿನಲ್ಲಿ ಕೂತಿದ್ದ. ಆಸ್ಪತ್ರೆಯಿಂದ ಫೋನ್ ಇನ್ನೂ ಬಂದಿರಲಿಲ್ಲ. ಅವಳ ಮುಖ ನೋಡಿ ಎದ್ದು ನಿಂತ.

"ಗಾಜು ಚೆನ್ನಾಗಿದೆ ಅಣ್ಣ. ಏನೂ ಇಲ್ಲ. ನಾನೇ ಹೋಗಿ ಸಾಹೇಬರಿಗೆ ಹೇಳ್ತೀನಿ, ಬೈದ್ರೆ ಬೈಲಿ, ನನ್ನನ್ನೇ ತೆಗೀಲಿ."

ಕೆಲಸದ ಬಗ್ಗೆ ಅವನು ಕೇಳಲಿಲ್ಲ. ಬೈಯಲೂ ಇಲ್ಲ. ಇಡೀ ರಾತ್ರಿ ಕುಲುಮೆಯೆದುರು ಎಚ್ಚರವಿದ್ದ ಆ ಮನುಷ್ಯ ಅವಳ ಹತ್ತಿರ ಬಂದು, ಯಾರಿಗೂ ಕೇಳಿಸದ ಹಾಗೆ ದನಿ ತಗ್ಗಿಸಿ ಕೇಳಿದ:

"ಹಾಗಾದ್ರೆ ನಾನು ತೂಕಡಿಸಿಲ್ಲ, ಅಲ್ವಾ?"