ಹೊಳೆಪ್ಪನ ಎರಡು ಭಂಡಾರ

ಹಿಪ್ಪರಗಿಯಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಹಾಸ್ಯನಟ ಹೊಳೆಪ್ಪ ಅಂಗಳದಲ್ಲಿ ಕುಳಿತು ಗೋವಿನಜೋಳದ ಹಿಟ್ಟಿಗೆ ಹಳದಿ ಬಣ್ಣ ಬೆರೆಸುತ್ತಿದ್ದಾರೆ. ಸಂಜೆ ಬನಹಟ್ಟಿಯಲ್ಲಿ ನಾಟಕ. ಅವರದು ಕಳ್ಳ ಪೂಜಾರಿಯ ಪಾತ್ರ. ಸುಳ್ಳು ಭವಿಷ್ಯ ಹೇಳುತ್ತ ಅವನು ಎರಚುವ ಭಂಡಾರ ಈ ಹಿಟ್ಟೇ. ಮನೆದೇವರು ಬೀರಪ್ಪನ ಗುಡಿಯಿಂದ ತಂದ ನಿಜವಾದ ಭಂಡಾರ, ಅಂದರೆ ಪೂಜೆಯ ಅರಿಸಿನ, ಸೊಂಟದ ಚೀಲದಲ್ಲಿ ಬೇರೆಯೇ ಇದೆ. ಬೆರೆಸುತ್ತಾರೆ, ಏಳುತ್ತಾರೆ, ಬಾಗಿಲವರೆಗೆ ಹೋಗಿ ಮತ್ತೆ ಬಂದು ಕೂಡುತ್ತಾರೆ.

“ಕೋಳಿ ಕೆದರಿದಂಗ ಕೆದರಾಕತ್ತೀರಲ್ಲ, ಹಿಟ್ಟಿನಾಗ ಏನ್ ಕಳಕೊಂಡೀರಿ?” ಹೆಂಡತಿ ಪದ್ಮವ್ವ ಒಳಗಿನಿಂದಲೇ ಚುಚ್ಚುತ್ತಾರೆ.

ಹೊಳೆಪ್ಪನದು ಕುರಿ ಕಾಯುವ ಮನೆತನ. ಬೀರಪ್ಪನ ಹಾಡು ಕೇಳುತ್ತ ಬೆಳೆದವರು ಹತ್ತೊಂಬತ್ತಕ್ಕೆ ನಾಟಕ ಕಂಪನಿ ಸೇರಿದರು, ಈಗ ಐವತ್ಮೂರು. ವರ್ಷಕ್ಕೆ ನೂರಿಪ್ಪತ್ತು ಆಟ, ಆಟಕ್ಕೆ ನಾಲ್ಕು ಪ್ರವೇಶ, ಪ್ರತಿ ಪ್ರವೇಶದಲ್ಲೂ ಒಮ್ಮೆಯಾದರೂ ದೊಪ್ಪನೆ ಬೀಳಬೇಕು. ಎಡ ಮೊಣಕಾಲು ಹೋದದ್ದೇ ಹಾಗೆ. ಮುಖವೆಲ್ಲ ಬಣ್ಣ ಬಳಿದರೂ ಹಣೆಯ ಮೇಲೆ ಎರಡು ಬೆರಳಗಲ ಬರಿದೇ ಬಿಡುತ್ತಾರೆ. “ಅದು ಬೀರಪ್ಪನ ಜಾಗಾರಿ. ಬಾಕಿ ಮಾರಿ ಮಂದೀದು.”

ದೇವರ ಹೆಸರಲ್ಲಿ ನಗಿಸಲು ಅಂಜಿಕೆಯಿಲ್ಲವೇ ಎಂದು ಕೇಳಿದವರಿಗೆ ಅವರ ಉತ್ತರ: “ಕಳ್ಳ ಪೂಜಾರಿನ್ನ ಆಡಕೊಂಡ್ರ ಬೀರಪ್ಪ ಯಾಕ ಸಿಟ್ಟಾಗ್ತಾನರೀ? ನನಗಿಂತ ಮೊದಲ ಅಂವಗ ನಗಿ ಬಂದಿರತೈತಿ.”

ಹೋದ ತಿಂಗಳು ಮುಧೋಳದಲ್ಲಿ ಆ ಧೈರ್ಯ ಅಲುಗಾಡಿತು. ಆಟದ ನಡುವೆ ಹಿಟ್ಟು ಮುಗಿದಿತ್ತು. ಕೈ ತಾನಾಗಿ ಸೊಂಟದ ಚೀಲಕ್ಕೆ ಹೋಯಿತು, ನಿಜವಾದ ಭಂಡಾರವೇ ಹಾರಿತು. ವಾಸನೆಗೇ ಗುರುತು ಹಿಡಿದವರಂತೆ ಮುಂದಿನ ಸಾಲಿನ ಮುದುಕಿಯೊಬ್ಬರು ಎದ್ದು, ತಲೆಗೆ ಸೆರಗು ಹೊದ್ದು ಉಡಿಯೊಡ್ಡಿದರು: “ಮಗಳ ಮನ್ಯಾಗ ತೊಟ್ಟಿಲಾ ತೂಗತೈತಿ ಅಂತ ಹೇಳೋ ಯಪ್ಪಾ.”

ಇವರೂ ನಾಟಕದವರೇ ಎಂದುಕೊಂಡ ಮಂದಿ ಬಿದ್ದು ಬಿದ್ದು ನಕ್ಕರು. ಹೊಳೆಪ್ಪ ಕೆಳಗಿಳಿದು ಕಾಲು ಮುಟ್ಟಿದರು. “ಯವ್ವಾ, ನಾ ಸುಳ್ಳ ಪೂಜಾರಿ ಬೇ.” ನಗು ಇನ್ನೂ ಏರಿತು. ಮುದುಕಿ ತಲೆ ತಗ್ಗಿಸಿ ಹೊರನಡೆದರು.

ಆ ನಗು ಕಂಪನಿ ಮಾಲೀಕ ಪ್ರಭುಲಿಂಗ ಅವರಿಗೆ ಹಿಡಿಸಿಬಿಟ್ಟಿದೆ. ಇಂದಿನಿಂದ ನಟಿಯೊಬ್ಬರನ್ನು ಮುಂದಿನ ಸಾಲಿನಲ್ಲಿ ಕೂಡಿಸಿ ಉಡಿಯೊಡ್ಡಿಸಬೇಕಂತೆ. ಒಲ್ಲೆನೆಂದರೆ ಬೇರೆ ಹಾಸ್ಯನಟ ಬರುತ್ತಾನೆ.

ಫೋನು ಬಡಿದುಕೊಳ್ಳುತ್ತದೆ. “ಏನ್ ವಿಚಾರ ಮಾಡಿದಿ ಹೊಳೆಪ್ಪಣ್ಣಾ?”

“ಪೂಜಾರಿ ಮ್ಯಾಲ ನಗಸ್ತೇನ್ರಿ ಮಾಲಕರ, ನನ್ನ ಮ್ಯಾಲ ನಗಸ್ತೇನಿ. ಇನ್ನೊಂದ್ ಕಾಲ ಮುರಕೊಂಡ ಬೇಕಾದ್ರೂ ನಗಸ್ತೇನಿ. ಉಡಿ ಒಡ್ಡಿದಾಕಿ ಮ್ಯಾಲ ನನ್ನಿಂದ ಆಗೂದಿಲ್ಲ.”

ಪ್ರಭುಲಿಂಗ ಮಾತು ಮೊಟಕುಗೊಳಿಸುತ್ತಾರೆ: “ಸಂಜಿಗಿ ಬಾ, ನೋಡೂಣು.”

ನೋಡೋಣ ಎಂದರೆ ಏನು? ಹೊಳೆಪ್ಪನಿಗೂ ತಿಳಿಯದು. ಆದರೂ ಹಿಟ್ಟಿನ ಗಂಟು ಕಟ್ಟುತ್ತಾರೆ. ಪದ್ಮವ್ವ ಸೂಜಿ ತಂದು ಸೊಂಟದ ಚೀಲದ ಬಾಯಿ ಹೊಲಿಯುತ್ತಾರೆ. ಮುಧೋಳದ ನಂತರ ಪ್ರತಿ ಆಟಕ್ಕೂ ಹೀಗೆ ಹೊಲಿದು, ಮನೆಗೆ ಬಂದ ಮೇಲೆ ಬಿಚ್ಚುತ್ತಾರೆ.

“ಆವತ್ತಿನ ಮುದುಕಿ ಯಾವೂರಾಕಿ ಅಂತ ಕೇಳಲಿಲ್ಲ ನೋಡ,” ಎನ್ನುತ್ತಾರೆ ಹೊಳೆಪ್ಪ, ಕುಂಟುತ್ತ ಹೊಸ್ತಿಲು ದಾಟಿ. “ಮತ್ತೊಮ್ಮೆ ಬಂದು ಮುಂದ ಕುಂಡರಬೇಕು. ನಾ ಬೀಳಬೇಕು, ಆಕಿ ನಗಬೇಕು. ಬೀರಪ್ಪಗ ಅಷ್ಟ ಬೇಡಿಕೊಂಡೇನಿ.”