ಆಪಾನ ಪಾಲಿನ ಬೀಜ

ವಿನೋಬನಗರದ ನಮ್ಮ ಓಣಿಯಲ್ಲಿ ಒಂದೂಕಾಲು ಲಕ್ಷವನ್ನು ನನಗಿಂತ ಚೆನ್ನಾಗಿ ಬಲ್ಲವಳು ಪಕ್ಕದ ಮನೆಯ ಖತೀಜಾಬೀ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಅವಳು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ರವಿಕೆ ಹೊಲಿಯಲು ಕೂತವಳು. ಇದ್ದದ್ದನ್ನು ಹೇಳಲು ನನಗೇನು ನಾಚಿಕೆ?

ಅವರಲ್ಲಿ ಯಾರಾದರೂ ತೀರಿಕೊಂಡರೆ ಹೆಂಗಸರು ಸೇರಿ ಸತ್ತವರಿಗಾಗಿ ಒಂದೂಕಾಲು ಲಕ್ಷ ಸಲ ಕಲಿಮಾ, ಅಂದರೆ ಅವರ ನಂಬಿಕೆಯ ವಾಕ್ಯ, ಓದುತ್ತಾರೆ. ಒಂದು ಸಲಕ್ಕೆ ಒಂದು ಹುಣಸೆ ಬೀಜ. ಬೀಜದ ಚೀಲ ಇರುವುದು ಖತೀಜಾಬೀ ಮನೆಯಲ್ಲಿ, ಹಂಚುವವಳೂ ಅವಳೇ. ಎಂಟು ಜನ ಬಂದರೆ ತಲೆಗೆ ಹದಿನೈದು ಸಾವಿರದ ಆರುನೂರ ಇಪ್ಪತ್ತೈದು, ಚೊಕ್ಕ. ಏಳು ಜನ ಬಂದರೆ ಮಾತ್ರ ಒಂದು ಬೀಜ ಉಳಿಯುತ್ತದೆ.

"ಯಾಕ್ರಿ ಟೀಚರಮ್ಮ, ಇಷ್ಟು ದೊಡ್ಡ ಸಂಖ್ಯೆ ಏಳು ಜನಕ್ಕೆ ಬಗ್ಗಲ್ಲ?" ಎಂದು ಒಮ್ಮೆ ಕೇಳಿದ್ದಳು.

"ಎರಡನ್ನ ಮೂರು ಸಲ, ಐದನ್ನ ಆರು ಸಲ ಹಾಕಿ ಗುಣಿಸಿದ್ರೆ ಹುಟ್ಟೋ ಸಂಖ್ಯೆ ಅದು. ಏಳಕ್ಕೆ ಅಲ್ಲಿ ಜಾಗ ಇಲ್ಲ," ಅಂದಿದ್ದೆ.

ಅವಳ ಅಕ್ಕ, ಅವಳು ಆಪಾ ಎಂದು ಕರೆಯುತ್ತಿದ್ದ ಹಜೀರಾಬೀ ನಕ್ಕು, ಉಳಿದ ಬೀಜವನ್ನು ತಾನೇ ಎತ್ತಿಕೊಂಡಿದ್ದಳು. ಒಂದು ಉಳಿಯಲಿ, ಎರಡು ಉಳಿಯಲಿ, ಯಾವಾಗಲೂ ಅದು ಅವಳ ಪಾಲು.

ಈ ಸಲ ತೀರಿಕೊಂಡದ್ದು ಹಜೀರಾಬೀ. ಗಂಡಂದಿರನ್ನು ಕಳೆದುಕೊಂಡ ಅಕ್ಕತಂಗಿ ಹನ್ನೊಂದು ವರ್ಷ ಒಂದೇ ಮನೆಯಲ್ಲಿ ಜಗಳವಾಡುತ್ತಾ ಬದುಕಿದ್ದರು. ಮಣ್ಣಿಗೆ ಬಂದ ಹರಿಹರದ ನೆಂಟರು ಮಧ್ಯಾಹ್ನದ ಬಸ್ಸಿಗೇ ಹೊರಟರು. ಖತೀಜಾಬೀ ಜಮಖಾನ ಹಾಸಿ ಬೀಜ ಸುರಿದು ಕಾದಳು. ಯಾರೂ ಬರಲಿಲ್ಲ. ಈಗೆಲ್ಲ ಮನೆಯಲ್ಲೇ ಓದಿ, ಎಷ್ಟಾಯಿತೆಂದು ಮೊಬೈಲಿನ ಗ್ರೂಪಿಗೆ ಹಾಕುತ್ತಾರಂತೆ. ಸಂಜೆಯೊಳಗೆ ಗ್ರೂಪಿನಲ್ಲಿ ಒಂದೂಕಾಲು ಲಕ್ಷ ದಾಟಿತ್ತು. ನನಗೆ ಮೈಯೆಲ್ಲ ಉರಿಯಿತು. ಓದಿಲ್ಲ ಅನ್ನುವುದಿಲ್ಲ, ಪಕ್ಕದಲ್ಲಿ ಬಂದು ಕೂರಬಾರದಿತ್ತೇ?

"ಬಿಡ್ರಿ, ಅವರದು ಅವರಿಗೆ. ನಾನೊಬ್ಳೇ ಓದ್ತೀನಿ. ಇವತ್ತು ಸೇರಿ ನಲವತ್ತು ದಿನದಾಗ ಮುಗೀಬೇಕು. ದಿನಕ್ಕೆ ಎಷ್ಟು ಬರ್ತೈತೆ?"

"ಮೂರು ಸಾವಿರದ ನೂರ ಇಪ್ಪತ್ತೈದು. ಏನೂ ಉಳಿಯಲ್ಲ, ಚೊಕ್ಕ ಐತೆ," ಅಂದೆ, ಸಮಾಧಾನವಾಗಲಿ ಎಂದು. ಅವಳ ಮುಖ ಬಾಡಿತು. ಯಾಕೆಂದು ನನಗೆ ಹೊಳೆಯಲಿಲ್ಲ.

ದಿನಾ ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ಗೋಡೆಯಾಚೆ ಬೀಜಗಳು ತಟ್ಟೆಗೆ ಬೀಳುವ ಸದ್ದು. ಒಂದಾದ ಮೇಲೆ ಒಂದು, ನಡುವೆ ಒಂದು ಮಾತಿಲ್ಲ, ಹಜೀರಾಬೀಯ ಕೆಮ್ಮಿಲ್ಲ. ಅಷ್ಟು ಒಂಟಿ ಸದ್ದನ್ನು ನಾನು ಕೇಳಿರಲಿಲ್ಲ.

ನಲವತ್ತನೇ ದಿನ ತಡೆಯಲಾರದೆ ಹೋದೆ. ಕೊನೆಯ ಬೀಜ ತಟ್ಟೆಗೆ ಬಿತ್ತು. ಖತೀಜಾಬೀ ಚೀಲಕ್ಕೆ ಕೈ ಹಾಕಿ ಇನ್ನೊಂದು ಬೀಜ ತೆಗೆದಳು. ಅಕ್ಕ ಕೂರುತ್ತಿದ್ದ ಜಾಗದಲ್ಲಿ ಅದನ್ನಿಟ್ಟಳು.

"ಮುಗೀತಲ್ಲ ಖತೀಜಾ. ಇದೊಂದು ಜಾಸ್ತಿ ಆತು."

"ಉಳಿದಿದ್ದು ಆಪಾಂದಲ್ರಿ ಟೀಚರಮ್ಮ. ಏನೂ ಉಳೀದಿದ್ರೆ ಆಕಿಗೆ ಏನು ಕೊಡ್ಲಿ?"

ಇಂಥ ಒಂದು ಜಾಸ್ತಿಗೆ ಮೂವತ್ತು ವರ್ಷ ಕೆಂಪು ಗೀಟು ಎಳೆದವಳು ನಾನು. ಅವತ್ತು ಅವಳ ಪಕ್ಕ ಕೂತು ಅತ್ತುಬಿಟ್ಟೆ.