ಸ್ಟಾರ್ಟರ್ ಡಬ್ಬಿಗಳ ಮಹಜರು

ಆ ಶನಿವಾರ ಮಾಡಿದ ಕೆಲಸಗಳು: ಅಂಗಳಕ್ಕೆ ನೀರು ಹಾಕಿ ರಂಗೋಲಿ ಎಳೆದದ್ದು. ಮನೆಯವರ ಬಿಪಿ ಮಾತ್ರೆ ತೆಗೆದಿಟ್ಟದ್ದು. ಹೆಸರುಕಾಳು ನೆನೆಹಾಕಿದ್ದು. ಅಂಗನವಾಡಿ ಬಾಗಿಲು ತೆಗೆದು ಹದಿನೇಳು ಮಕ್ಕಳ ಹಾಜರಿ ಹಾಕಿ, ಆರು ಮಕ್ಕಳ ತೂಕ ನೋಡಿದ್ದು. ಮೊಟ್ಟೆ ಬೇಯಿಸಿದ್ದು, ಒಡೆದ ಎರಡನ್ನು ಬೇರೆ ಕಾಲಮ್ಮಿನಲ್ಲಿ ಬರೆದದ್ದು. ಹನ್ನೊಂದು ಗಂಟೆಗೆ ಪೊಲೀಸರು ಕರೆದರೆಂದು ಮಕ್ಕಳನ್ನು ಸಹಾಯಕಿಗೆ ಒಪ್ಪಿಸಿ, ಎದುರಿನ ಅಂಗಡಿಗೆ ಪಂಚಳಾಗಿ ಹೋದದ್ದು.

ಪೊಲೀಸರು ಎಲ್ಲಾದರೂ ಶೋಧ ಮಾಡಿದರೆ ಹೊರಗಿನ ಇಬ್ಬರು ನಿಂತು ನೋಡಿ, ಸಿಕ್ಕಿದ್ದನ್ನು ಬರೆದ ಮಹಜರಿಗೆ ಸಹಿ ಹಾಕಬೇಕು. ಅವರೇ ಪಂಚರು. ನ್ಯಾಮತಿಯ ನಮ್ಮ ಬೀದಿಯಲ್ಲಿ ಆ ಹೊತ್ತಿಗೆ ಕೈಗೆ ಸಿಕ್ಕವಳು ನಾನು. ಇನ್ನೊಬ್ಬರು ಪಕ್ಕದ ಮಿರ್ಚಿ ಹೋಟೆಲಿನ ಯಜಮಾನರು.

ಅಂಗಡಿ ನಮ್ಮ ಮೆಕ್ಯಾನಿಕ್‌ನದು. ಸೂರಗೊಂಡನಕೊಪ್ಪದ ಕಡೆಯವನು, ಮೂವತ್ತರ ಆಸುಪಾಸು, ನನ್ನನ್ನು ಅಕ್ಕ ಎನ್ನುತ್ತಾನೆ. ಅಂಗನವಾಡಿಯ ತೂಕದ ಯಂತ್ರ ಕೆಟ್ಟಾಗಲೆಲ್ಲ ಬಂದು, ತಾನೇ ಅದರ ಮೇಲೆ ಹತ್ತಿ ನಿಂತು, ಮಕ್ಕಳನ್ನು ನಗಿಸಿ ಹೋಗುವವನು. ರೈತರು ಮನೆಯಲ್ಲೇ ಕೂತು ಫೋನಿನಿಂದ ಹೊಲದ ಮೋಟಾರು ಚಾಲೂ ಮಾಡುತ್ತಾರಲ್ಲ, ಆ ಸ್ಟಾರ್ಟರ್ ಡಬ್ಬಿಗಳ ರಿಪೇರಿ ಅವನ ಕಸುಬು. ಡಬ್ಬಿಯೊಳಗೆ ಒಂದು ಸಿಮ್ ಇರುತ್ತದೆ. ಸಿಮ್ ಆಯಾ ರೈತರ ಹೆಸರಿನದು.

ಬಾಂಬಿನ ಸುಳಿವು ಹುಡುಕುತ್ತಿದ್ದ ಪೊಲೀಸರಿಗೆ ಅದೇ ಕಣ್ಣಿಗೆ ಬಿದ್ದಿತ್ತು. ಹತ್ತಾರು ಊರಿನವರ ಹೆಸರಿನ ಸಿಮ್‌ಗಳು ಒಂದೇ ಅಂಗಡಿಗೆ ಬಂದು ಹೋಗುತ್ತವೆ, ಹೊತ್ತಲ್ಲದ ಹೊತ್ತಿನಲ್ಲಿ ಒಂದೇ ನಂಬರಿಗೆ ಅರ್ಧ ನಿಮಿಷ ಕರೆ ಮಾಡಿ ಸುಮ್ಮನಾಗುತ್ತವೆ. ಜಿಲ್ಲೆಯಿಂದ ಬಂದಿದ್ದ ಇನ್‌ಸ್ಪೆಕ್ಟರ್ ಹೀಗೆಂದು ಹೇಳಿದಾಗ, ವಿಷಯ ಗೊತ್ತಿಲ್ಲದಿದ್ದರೆ ನನಗೂ ಎದೆ ಝಲ್ಲೆನ್ನುತ್ತಿತ್ತು. ಮೆಕ್ಯಾನಿಕ್ ಮಾತ್ರ ಬೆವರುತ್ತಾ, "ತ್ರೀ ಫೇಸ್ ಕರೆಂಟ್ ಬಂದಾಗ ಡಬ್ಬಿಗಳೇ ಫೋನ್ ಹೊಡಿತಾವ್ರೀ ಸಾರ್, ಟೆಸ್ಟಿಂಗಿಗೆ ಅಂತ ನನ್ ನಂಬರ್ ಕೊಟ್ಟಿರ್ತೀನಿ" ಎನ್ನುತ್ತಿದ್ದ. ಅವನ ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನನ್ನ ಗರ್ಭಿಣಿಯರ ಪಟ್ಟಿಯಲ್ಲಿ ಅವಳಿಗೆ ಎಂಟು ತಿಂಗಳು. ಭಯೋತ್ಪಾದನೆಯ ಕಾಯ್ದೆ ಹಚ್ಚಿದರೆ ಜಾಮೀನು ಸುಲಭಕ್ಕೆ ಸಿಗುವುದಿಲ್ಲವೆಂದು ಪೇಪರಿನಲ್ಲಿ ಓದಿದ್ದೆ. ಮಗುವಿನ ಮೊದಲ ತೂಕ ಬರೆಯುವ ದಿನ ಅಪ್ಪ ಎಲ್ಲಿರುತ್ತಾನೋ ಎಂದು ಮನಸ್ಸು ಅಲ್ಲೇ ಸುತ್ತತೊಡಗಿತು.

ಕಾನ್‌ಸ್ಟೇಬಲ್ ಒಂದು ಬಿಳಿ ಹಾಳೆ ಮುಂದಿಟ್ಟ. "ಟೀಚರಮ್ಮ, ಇಲ್ಲೊಂದು ಸಹಿ ಹಾಕ್ರಿ. ಮ್ಯಾಟ್ರು ಆಮ್ಯಾಲೆ ಬರ್ಕೊಂತೀವಿ."

ಹೋಟೆಲಿನವರು ಆಗಲೇ ಪೆನ್ನಿಗೆ ಕೈ ಚಾಚಿದ್ದರು. ನಾನು ಚಾಚಲಿಲ್ಲ. ಅದಕ್ಕೊಂದು ಕಾರಣವಿತ್ತು. ಹಿಂದೊಮ್ಮೆ ಒಂದು ಕಳ್ಳತನದ ಕೇಸಿನಲ್ಲಿ ಹೀಗೇ ಖಾಲಿ ಹಾಳೆಗೆ ಸಹಿ ಹಾಕಿ ಬಂದಿದ್ದೆ. ವರ್ಷಗಳ ಮೇಲೆ ಹೊನ್ನಾಳಿ ಕೋರ್ಟಿನ ಕಟಕಟೆಯಲ್ಲಿ ವಕೀಲರು "ನೀವು ಕಣ್ಣಾರೆ ನೋಡಿದ್ದೇನಮ್ಮ?" ಎಂದು ಕೇಳಿದಾಗ ಬಾಯಿ ಕಟ್ಟಿತು. ಆ ದಿನ ಬಸ್ಸಿನಲ್ಲಿ ತಲೆ ತಗ್ಗಿಸಿಕೊಂಡು ಬಂದವಳು ಮನೆಯವರಿಗೂ ಪೂರ್ತಿ ಹೇಳಲಿಲ್ಲ.

"ಖಾಲಿ ಹಾಳೆಗೆ ಹಾಕಾಕೆ ಬರಲ್ರೀ ಸಾಹೇಬ್ರೆ" ಎಂದೆ. ಹಾಳೆಯನ್ನು ಅವನ ಕಡೆಗೇ ಸರಿಸಿದೆ. "ನನ್ ಮುಂದೆ ಬರೀರಿ, ಓದಿ ಹಾಕ್ತೀನಿ."

"ಅಯ್ಯೋ ಹಾಕ್ರಿ ಅತ್ಲಾಗೆ, ನನ್ ಎಣ್ಣಿ ಕಾಯ್ತೈತೆ" ಎಂದರು ಹೋಟೆಲಿನವರು. "ಇದೇನ್ ನಿಮ್ ಮೊಟ್ಟಿ ರಿಜಿಸ್ಟ್ರು ಅನ್ಕಂಡ್ರಾ?"

"ಒಡೆದ ಮೊಟ್ಟಿಗೂ ಬ್ಯಾರೆ ಕಾಲಂ ಐತ್ರೀ ನಮ್ಮಲ್ಲಿ. ಹೋಗಿ ಒಲಿ ಆರ್ಸಿ ಬರ್ರಿ."

ಇನ್‌ಸ್ಪೆಕ್ಟರ್ ಸ್ಟೂಲೆಳೆದು ಕೂತರು. ಮೂರು ದಿನದಿಂದ ಮನೆಗೆ ಹೋಗದವರಂತೆ ಕಾಣುತ್ತಿದ್ದರು. ಬರೆಯಲು ಹೇಳಿದರು. ಕಾನ್‌ಸ್ಟೇಬಲ್ ಬರೆದು ಓದಿದ: "ದೂರದಿಂದ ಚಾಲನೆ ಮಾಡುವ ಎಲೆಕ್ಟ್ರಾನಿಕ್ ಸಾಧನಗಳು, ಹನ್ನೊಂದು."

"ಡಬ್ಬಿ ಮ್ಯಾಲೆ ಮೋಟಾರ್ ಸ್ಟಾರ್ಟರ್ ಅಂತ ಐತಲ್ರೀ, ಅದನ್ನ ಬರೀರಿ. ಒಂದೊಂದಕ್ಕೂ ರೈತ್ರ ಫೋನ್ ನಂಬರು, ಊರು ಬರ್ದು ಚೀಟಿ ಅಂಟಿಸ್ಯಾನೆ, ಸಾಸ್ವೆಹಳ್ಳಿ, ಸೂಳೆಕೆರೆ, ಅಂತ. ಅದನ್ನೂ ಬರೀರಿ."

"ಅದು ಏನು ಅಂತ ತೀರ್ಮಾನ ಮಾಡೋದು ನೀವಲ್ಲಮ್ಮ" ಎಂದರು ಇನ್‌ಸ್ಪೆಕ್ಟರ್.

"ನೀವೂ ಅಲ್ಲಲ್ರೀ ಸಾಹೇಬ್ರೆ, ಕೋರ್ಟು. ಅಲ್ಲಿಗಂಟ ಕಂಡಂಗೆ ಇರ್ಲಿ."

ಬೈಯುತ್ತಾರೆಂದುಕೊಂಡೆ. ಅವರು ಮುಖ ಒರೆಸಿಕೊಂಡು ಮೆಲ್ಲಗೆ ಹೇಳಿದರು: "ನಮಗೆ ಬರೋ ಸುಳಿವು ಬಹುಪಾಲು ಹೀಗೇ, ಪೊಳ್ಳೇ ಇರ್ತವೆ. ಒಂದು ನಿಜವಾಗಿದ್ದು, ಅದನ್ನೇ ನಾನು ಬಿಟ್ಟರೆ? ಎದುರಿಗೇ ನಿಮ್ಮ ಮಕ್ಕಳಿದ್ದಾರೆ."

ಅಂಗನವಾಡಿಯಿಂದ ಮಕ್ಕಳ ಹಾಡು ಕೇಳುತ್ತಿತ್ತು. ಪೊಲೀಸರು ಹುಡುಕಬೇಕು, ಬೇಡ ಎನ್ನಲು ನಾನ್ಯಾರು. ಆದರೆ ಅವರು ಹುಡುಕುವಾಗ ನಾನು ನೋಡಬೇಕು, ನೋಡಿದ್ದೇ ಹಾಳೆಯಲ್ಲಿರಬೇಕು. ಹೋಟೆಲಿನಿಂದ ಮಜ್ಜಿಗೆ ತರಿಸಿ ಎಲ್ಲರಿಗೂ ಕೊಟ್ಟೆ. ಮೆಕ್ಯಾನಿಕ್‌ಗೂ.

ಐದನೆಯ ಡಬ್ಬಿ ಬರೆಯುವಾಗ, ಜಪ್ತಿ ಮಾಡಿ ಪೇಪರಿನ ಮೇಲಿಟ್ಟಿದ್ದ ಮೆಕ್ಯಾನಿಕ್‌ನ ಫೋನು ಬಡಿದುಕೊಂಡಿತು. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದೆವು. ಇನ್‌ಸ್ಪೆಕ್ಟರ್ ಸ್ಪೀಕರ್ ಒತ್ತಿದರು. ಯಂತ್ರದ ಹೆಣ್ಣುದನಿ ಬಿಗುವಾಗಿ ಹೇಳಿತು: "ಮೋಟಾರ್ ಆಫ್ ಆಗಿದೆ. ಬೋರ್‌ನಲ್ಲಿ ನೀರು ಇಲ್ಲ."

ಬರೆಯುತ್ತಿದ್ದ ಕಾನ್‌ಸ್ಟೇಬಲ್ ಜಗಳೂರಿನವನು, ಅವನಿಗೆ ನಗು ತಡೆಯಲಾಗಲಿಲ್ಲ. "ನಮ್ ಹೊಲಕ್ಕೂ ಈಯಮ್ಮಂದೇ ಸಾರ್. ದಿನಾ ನಮ್ಮಪ್ಪನ್ನ ಬೈತಾಳೆ."

ಇನ್‌ಸ್ಪೆಕ್ಟರ್ ನಗಲಿಲ್ಲ. ಗಡಿಯಾರ ನೋಡಿ, "ಇದನ್ನೂ ಬರಿ. ಟೈಮು ಹಾಕಿ ಬರಿ" ಎಂದರು. ಆ ಒಂದು ಮಾತಿಗೆ ಅವರ ಮೇಲೆ ನನಗೆ ಹುಟ್ಟಿದ ವಿಶ್ವಾಸ ಇನ್ನೂ ಹೋಗಿಲ್ಲ.

ಮಹಜರು ನಾಲ್ಕು ಪುಟವಾಯಿತು. ಓದಿ, ಪ್ರತಿ ಪುಟಕ್ಕೂ ಸಹಿ ಹಾಕಿದೆ. ಆದರೂ ಅವನನ್ನು ವಿಚಾರಣೆಗೆಂದು ಕರೆದುಕೊಂಡೇ ಹೋದರು. ಜೀಪು ಹತ್ತುವಾಗ ಅವನು ಹೆಂಡತಿಯ ಕಡೆ ನೋಡಿದ, ಆಮೇಲೆ ನನಗೆ ಹೇಳಿದ: "ಅಕ್ಕಾ, ಸೂಳೆಕೆರೆ ಕಡೆಯೋರು ನಾಳೆ ಡಬ್ಬಿಗೆ ಬರ್ತಾರೆ. ತಡ ಆಗ್ತೈತೆ ಅಂತ ಹೇಳ್ರಿ."

ಅವಳನ್ನು ನಮ್ಮ ಮನೆಗೆ ಕರೆತಂದೆ. ನಮ್ಮ ಮನೆಯವರು ತಮ್ಮ ಮಂಚ ಬಿಟ್ಟುಕೊಟ್ಟು, "ಸಹಿ ಹಾಕಾಕೆ ಎರಡೂವರೆ ತಾಸು ತಗಂಡ್ಯಂತೆ, ಮದುವಿ ದಿನ ತಾಳಿ ಕಟ್ಟಿಸ್ಕಳಾಕೂ ಇಷ್ಟು ಯೋಚ್ನೆ ಮಾಡ್ಲಿಲ್ಲ ನೀನು" ಎಂದರು. ಅವಳು ಮೊದಲ ಸಲ ಸ್ವಲ್ಪ ನಕ್ಕಳು. ಮಲಗಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಅದೇ ಕಾನ್‌ಸ್ಟೇಬಲ್ ಬೈಕಿನಲ್ಲಿ ಅವನನ್ನು ತಂದು ಬಿಟ್ಟ. "ನಿಮ್ ಮಹಜರಿನಾಗೆ ಊರು, ನಂಬರೆಲ್ಲಾ ಇದ್ವಲ್ರೀ ಟೀಚರಮ್ಮ, ಚೀಟಿ ನೋಡಿ ಸಾಹೇಬ್ರು ಒಬ್ಬೊಬ್ಬ ರೈತ್ರಿಗೂ ಫೋನ್ ಹಚ್ಚಿದ್ರು. ಎಲ್ರೂ ಒಂದೇ ಮಾತು, ನಮ್ ಡಬ್ಬಿ ಯಾವಾಗ ಕೊಡ್ತೀಯಾ ಅಂತ ಅವರಿಗೇ ಬೈದ್ರು!" ಎಂದ. ಕೇಸು ಹಾಕಲಿಲ್ಲ. ಡಬ್ಬಿಗಳು ಮಾತ್ರ ಠಾಣೆಯಲ್ಲೇ ಉಳಿದವು. ಅವು ಬರಲು ಇನ್ನೂ ಒಂದು ತಿಂಗಳು ಹಿಡಿಯಿತು, ಸೂಳೆಕೆರೆಯವರು ಎರಡು ಸಲ ಬಂದು ಸುಮ್ಮನೆ ಹೋದರು.

ಆ ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಜೋಳದ ರೊಟ್ಟಿ, ಶನಿವಾರ ನೆನೆಹಾಕಿದ್ದ ಹೆಸರುಕಾಳು ಮೊಳಕೆ ಬಂದಿತ್ತು, ಅದರ ಪಲ್ಯ, ಶೇಂಗಾ ಚಟ್ನಿ, ಮೊಸರು. ಅವನ ಹೆಂಡತಿಗೆ ಒಂದು ಮೊಟ್ಟೆ ಹೆಚ್ಚಿಗೆ. ಠಾಣೆಯಲ್ಲಿ ಕೂತು ಬಂದವನೇ ಮೊದಲು ಮಲಗುತ್ತಾನೆಂದು ಅವನಿಗೆ ಚಾಪೆ ಹಾಸಿದ್ದೆ. ಮಲಗಿದ್ದು ಅವಳು. ಕೂತಲ್ಲೇ ಗೋಡೆಗೆ ಒರಗಿ, ಅರ್ಧ ರೊಟ್ಟಿ ಕೈಯಲ್ಲಿರುವಾಗಲೇ. ಅವನು ತಟ್ಟೆಯನ್ನು ಸದ್ದಾಗದಂತೆ ಸರಿಸಿ, ಆ ಅರ್ಧ ರೊಟ್ಟಿಯನ್ನು ತಾನು ತಿಂದ.